ಕ್ರಯೋಜೆನಿಕ್ ಎಂಜಿನ್ ಅರ್ಥವಾಗಬೇಕಾ? ಚಿತ್ರವನ್ನು ಟ್ಯಾಂಕಿನಿಂದ ಶುರು ಮಾಡಿ

ಸತುವಿನ ಚೂರಿಗೆ ಆಸಿಡ್ ಹಾಕಿ, ಬರುವ ಗಾಳಿಗೆ ಉರಿಯುವ ಕಡ್ಡಿ ಹಿಡಿದರೆ 'ಪಪ್' ಅನ್ನುತ್ತದೆ. ಎಲ್ಲ ಶಾಲೆಯಲ್ಲೂ ಮಾಡುವ ಪ್ರಯೋಗ. ಹಾಸನ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ರಾಕೆಟ್ ಪಾಠದ ದಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಹೈಡ್ರೋಜನ್ ಉರಿಸೋದು ಅಷ್ಟು ಸುಲಭ ಅಲ್ವಾ? ಮತ್ತೆ ಕ್ರಯೋಜೆನಿಕ್ ಎಂಜಿನ್ ಮಾಡೋಕೆ ನಮ್ಮವರಿಗೆ 20 ವರ್ಷ ಯಾಕೆ ಬೇಕಾಯ್ತು?"

ಕ್ರಯೋಜೆನಿಕ್ ಎಂಜಿನ್ ಅಂದರೆ ತೀರಾ ತಣ್ಣಗೆ ಮಾಡಿ ದ್ರವವಾಗಿಸಿದ ಹೈಡ್ರೋಜನ್, ಆಕ್ಸಿಜನ್ ಉರಿಸುವ ರಾಕೆಟ್ ಎಂಜಿನ್. ಆವತ್ತು ನಾನು ಬೋರ್ಡಿನ ಮೇಲೆ ಮೊದಲು ಎಂಜಿನ್ನಿನ ಕೆಳಬಾಯಿ, ಅಂದರೆ ನಾಝಲ್ ಬರೆದಿದ್ದೆ. ಅದರಿಂದ ಚಿಮ್ಮುವ ಬೆಂಕಿ ಬರೆದಿದ್ದೆ. ಮೇಲೆ ಎರಡು ಡಬ್ಬಿ ಬರೆದು ಬಾಣ ಎಳೆದಿದ್ದೆ. ಆ ಚಿತ್ರದಲ್ಲಿ ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಮನೆಗೆ ಬಂದು ಓದುತ್ತಾ ಕೂತಾಗ ಗೊತ್ತಾಯಿತು. ಉತ್ತರ ಇದ್ದದ್ದು ನಾನು ಬಾಣ ಎಳೆದು ಮುಗಿಸಿದ ಜಾಗದಲ್ಲಿ, ಟ್ಯಾಂಕಿಗೂ ಬೆಂಕಿಗೂ ನಡುವೆ. ಅಂದಿನಿಂದ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಬರೆಸುತ್ತೇನೆ. ನಾಝಲ್ ಕೊನೆಗೆ. ನಮ್ಮ ಜಿಎಸ್‌ಎಲ್‌ವಿ ರಾಕೆಟ್ಟಿನ ಮೂರನೇ ಹಂತದ ಎಂಜಿನ್ ಸಿಇ-7.5 ಇಟ್ಟುಕೊಂಡು ಅದನ್ನು ಹೇಗೆ ಬರೆಯುವುದು ಅಂತ ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ಮಕ್ಕಳ ಜೊತೆ ಮಾಡಬಹುದು. ದೊಡ್ಡವರು ಒಬ್ಬರೇ ಕೂತು ಮಾಡಿದರೂ ಚೆನ್ನ.

ಬೇಕಾದ ಸಾಮಾನು ಇಷ್ಟು: ದೊಡ್ಡ ಡ್ರಾಯಿಂಗ್ ಶೀಟ್, ನೀಲಿ, ಹಸಿರು, ಕೆಂಪು ಪೆನ್ನು, ಸೂಜಿ ಇಲ್ಲದ 20 ಎಂಎಲ್ ಸಿರಿಂಜ್, ಒಂದರೊಳಗೊಂದು ಸಿಕ್ಕಿಕೊಳ್ಳುವ ಎರಡು ಸ್ಟೀಲ್ ಲೋಟ, ದೋಸೆ ಕಾವಲಿ. ಹೈಡ್ರೋಜನ್ ಬೇಡ. ಅದನ್ನು ತಯಾರಿಸಲು ಹೋಗಬೇಡಿ, ಲ್ಯಾಬಿನಲ್ಲಿ ಮೇಷ್ಟ್ರು ಇರುವಾಗ ಮಾಡಿದ್ದು ಸಾಕು.

ಮೊದಲು ಟ್ಯಾಂಕು, ಅಳತೆ ಲೆಕ್ಕ ಹಾಕಿ

ಹಾಳೆಯನ್ನು ಉದ್ದಕ್ಕೆ ಹಿಡಿಯಿರಿ. ಮೇಲೆ ಎರಡು ಟ್ಯಾಂಕ್ ಬರಬೇಕು. ಗಾತ್ರ ಸುಮ್ನೆ ಅಂದಾಜಿಗೆ ಬರೆಯಬೇಡಿ. ಈ ಎಂಜಿನ್ 1 ಕೆಜಿ ಹೈಡ್ರೋಜನ್ ಕುಡಿದರೆ ಹೆಚ್ಚುಕಮ್ಮಿ 5 ಕೆಜಿ ಆಕ್ಸಿಜನ್ ಕುಡಿಯುತ್ತದೆ. ಹಾಗಾದರೆ ಆಕ್ಸಿಜನ್ ಟ್ಯಾಂಕೇ ದೊಡ್ಡದು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ದ್ರವ ಹೈಡ್ರೋಜನ್ ತುಂಬಾ ಹಗುರ. ಒಂದು ಲೀಟರ್ ತೂಗಿದರೆ 71 ಗ್ರಾಂ. ಅಂದರೆ 1 ಕೆಜಿಗೆ 14 ಲೀಟರ್ ಜಾಗ ಬೇಕು. ದ್ರವ ಆಕ್ಸಿಜನ್ ನೀರಿಗಿಂತ ಸ್ವಲ್ಪ ಭಾರ, 5 ಕೆಜಿ ಹಿಡಿಸಲು ನಾಲ್ಕೂವರೆ ಲೀಟರ್ ಸಾಕು. ಆದ್ದರಿಂದ ಹೈಡ್ರೋಜನ್ ಟ್ಯಾಂಕನ್ನು ಮೂರು ಪಟ್ಟು ದೊಡ್ಡದು ಬರೆಯಿರಿ. ಅದು ನೀಲಿ, ಆಕ್ಸಿಜನ್ ಹಸಿರು.

ಈ ಹಂತದ ಮೊದಲ ಹಾರಾಟಗಳಲ್ಲಿ ಒಟ್ಟು ಹನ್ನೆರಡೂವರೆ ಟನ್ ದ್ರವ ಇರುತ್ತಿತ್ತು. ಅದು ಸುಮಾರು 720 ಸೆಕೆಂಡ್ ಉರಿಯುತ್ತಿತ್ತು. ಭಾಗಿಸಿ ನೋಡಿ. ಸೆಕೆಂಡಿಗೆ 17 ಕೆಜಿ. ಅದರಲ್ಲಿ ಹೈಡ್ರೋಜನ್ 3 ಕೆಜಿಗೆ ಸ್ವಲ್ಪ ಕಡಿಮೆ, ಅಂದರೆ 40 ಲೀಟರ್. ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಗೊತ್ತಲ್ಲ? ಸೆಕೆಂಡಿಗೆ ಅಂಥ ಎರಡು ಕ್ಯಾನ್ ಖಾಲಿ. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ಕೊನೆಯಲ್ಲಿ ಬೇಕು.

ಇಷ್ಟು ತೊಂದರೆ ಯಾಕೆ ಪಡಬೇಕು ಅಂತ ಕೇಳಿದರೆ ಒಂದು ಅಂಕಿ ತೋರಿಸಿ. 1 ಕೆಜಿ ಇಂಧನದಿಂದ 1 ಕೆಜಿ ತೂಕದಷ್ಟು ತಳ್ಳುವ ಬಲ ಎಷ್ಟು ಸೆಕೆಂಡ್ ಸಿಗುತ್ತದೆ ಅನ್ನುವುದು ರಾಕೆಟ್ ಎಂಜಿನ್ನಿನ ಮೈಲೇಜ್ ಇದ್ದ ಹಾಗೆ. ಮಾಮೂಲಿ ದ್ರವ ಇಂಧನದ ನಮ್ಮ ವಿಕಾಸ್ ಎಂಜಿನ್ 300 ಮುಟ್ಟುವುದಿಲ್ಲ. ಸಿಇ-7.5 ಕೊಡುವುದು 454. ಭಾರದ ಉಪಗ್ರಹವನ್ನು 36,000 ಕಿ.ಮೀ. ಎತ್ತರದ ಕಡೆಗೆ ಕಳಿಸಬೇಕಾದರೆ ಈ ವ್ಯತ್ಯಾಸವೇ ಎಲ್ಲ.

ಟ್ಯಾಂಕಿಗೆ ಮುಚ್ಚಳ, ವಾಲ್ವು

ದ್ರವ ಆಕ್ಸಿಜನ್ ಮೈನಸ್ 183 ಡಿಗ್ರಿ. ಹೈಡ್ರೋಜನ್ ಮೈನಸ್ 253. ಎರಡೂ ಸದಾ ಕುದಿಯುವ ಅಂಚಿನಲ್ಲೇ ಇರುತ್ತವೆ. ಟ್ಯಾಂಕಿನ ಸುತ್ತ ನೊರೆಯಂಥ ಫೋಮ್ ಹೊದಿಕೆ ಬರೆಯಿರಿ. ಅದೆಷ್ಟೇ ಇದ್ದರೂ ಒಂದಿಷ್ಟು ಶಾಖ ಒಳಗೆ ಹೋಗಿಯೇ ಹೋಗುತ್ತದೆ. ಆವಿಯಾದದ್ದು ಹೊರಗೆ ಹೋಗಲು ದಾರಿ ಬೇಕು. ಆದರೆ ಒತ್ತಡ ತೀರಾ ಇಳಿಯಲೂಬಾರದು. ಈ ಎರಡನ್ನೂ ಸರಿತೂಗಿಸುವುದು ವೆಂಟ್ ಅಂಡ್ ರಿಲೀಫ್ ವಾಲ್ವ್. ಕುಕ್ಕರಿನ ವೆಯ್ಟ್ ನೆನಪಿಸಿಕೊಳ್ಳಿ. ನೀಲಿ ಟ್ಯಾಂಕಿನ ತಲೆಯ ಮೇಲೆ ಅದನ್ನು ಬರೆದು ಪಕ್ಕದಲ್ಲಿ ಜಾಗ ಬಿಡಿ, ಕೆಂಪು ಪೆನ್ನಿಗೆ.

ಪಕ್ಕದಲ್ಲಿ ಹೀಲಿಯಂ ಸಿಲಿಂಡರ್ ಬರೆಯಿರಿ. ಮಕ್ಕಳು ಇಲ್ಲಿ ಒಳ್ಳೆಯ ಪ್ರಶ್ನೆ ಕೇಳುತ್ತಾರೆ: ಪೈಪಿನೊಳಗಿನ ಗಾಳಿ ತೆಗೆಯಲು ಅಗ್ಗದ ನೈಟ್ರೋಜನ್ ಸಾಕಲ್ಲವಾ? ಸಾಕಾಗದು. ನೈಟ್ರೋಜನ್ ಮೈನಸ್ 210ಕ್ಕೇ ಗಟ್ಟಿಯಾಗುತ್ತದೆ. ಆಕ್ಸಿಜನ್ ಮೈನಸ್ 218ಕ್ಕೆ. ಹೈಡ್ರೋಜನ್ ಪೈಪಿನಲ್ಲಿ ಒಂದಿಷ್ಟು ಗಾಳಿ ಉಳಿದರೆ ಅದು ಕಲ್ಲಿನ ಚೂರಾಗಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟು ತಂಪಿನಲ್ಲೂ ಅನಿಲವಾಗಿಯೇ ಉಳಿಯುವುದು ಹೀಲಿಯಂ.

ಇನ್ನೊಂದು ವಿಷಯ ಹೇಳದೆ ಇರಲಾರೆ, ನನಗೆ ತುಂಬಾ ಇಷ್ಟವಾದದ್ದು. ಹೈಡ್ರೋಜನ್ ಅಣುವಿನಲ್ಲಿ ಎರಡು ಬಗೆ, ಆರ್ಥೋ ಮತ್ತು ಪ್ಯಾರಾ. ಮಾಮೂಲಿ ಉಷ್ಣತೆಯಲ್ಲಿ ಮುಕ್ಕಾಲು ಪಾಲು ಆರ್ಥೋ. ತಂಪಾದಾಗ ಅದು ನಿಧಾನವಾಗಿ ಪ್ಯಾರಾ ಆಗುತ್ತಾ ಶಾಖ ಬಿಡುತ್ತದೆ. ಆ ಶಾಖ ಹೈಡ್ರೋಜನ್ನನ್ನೇ ಆವಿ ಮಾಡಲು ಬೇಕಾದ್ದಕ್ಕಿಂತ ಜಾಸ್ತಿ! ದ್ರವ ಮಾಡುವಾಗಲೇ ವೇಗವರ್ಧಕ ಇಟ್ಟು ಪ್ಯಾರಾ ಮಾಡಿಸದಿದ್ದರೆ, ಎಷ್ಟೇ ಒಳ್ಳೆಯ ಟ್ಯಾಂಕಿನಲ್ಲಿಟ್ಟರೂ ಒಳಗಿಂದೊಳಗೇ ಕುದಿದು ಹೋಗುತ್ತದೆ.

ಈಗ ಪಂಪು. ಇಲ್ಲಿ ಅವಸರ ಬೇಡ

ನಮ್ಮಪ್ಪನದು ಅರಸೀಕೆರೆ ಕಡೆ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಬೇಸಿಗೆಯಲ್ಲಿ ರೈತರು ಬಂದು ಹೇಳುವ ಮಾತು ಒಂದೇ: "ಅಣ್ಣಯ್ಯ, ಪಂಪು ಗಾಳಿ ಎಳೀತೈತೆ, ನೀರೇ ಎತ್ತಾ ಇಲ್ಲ." ಅಪ್ಪ ಮೋಟಾರ್ ಮುಟ್ಟುತ್ತಲೇ ಇರಲಿಲ್ಲ. ಮೊದಲು ಬಾವಿಗೆ ಇಳಿದು ಫುಟ್‌ವಾಲ್ವ್ ನೋಡುತ್ತಿದ್ದರು. ಆಮೇಲೆ ಸಕ್ಷನ್ ಪೈಪಿನ ಜಾಯಿಂಟು. "ಪಂಪಿನ ಕಾಯಿಲೆ ಪಂಪಲ್ಲಿ ಇರಲ್ಲ, ಅದರ ಬಾಯಿಗೆ ಬರೋ ದಾರೀಲಿರುತ್ತೆ" ಅನ್ನುತ್ತಿದ್ದರು. ಜಿಎಸ್‌ಎಲ್‌ವಿಯ ಸೋತ ಹಾರಾಟಗಳ ತನಿಖಾ ವರದಿಗಳ ಸಾರಾಂಶ ಓದುವಾಗ ನನಗೆ ಈ ಮಾತು ನೆನಪಾಯಿತು. ನಾನು ಚಿತ್ರ ಬರೆಸುವ ಕ್ರಮ ಬದಲಾದದ್ದು ಅಲ್ಲಿಂದಲೇ.

ಸಿರಿಂಜ್ ತೆಗೆದುಕೊಳ್ಳಿ. ಸುಮಾರು 60 ಡಿಗ್ರಿಯಷ್ಟು ಬಿಸಿ ನೀರು 5 ಎಂಎಲ್ ಎಳೆಯಿರಿ. ಕುದಿಯುವ ನೀರು ಬೇಡ, ಚಿಕ್ಕ ಮಕ್ಕಳಿದ್ದರೆ ಇದನ್ನು ದೊಡ್ಡವರೇ ಮಾಡಿ. ಒಳಗಿನ ಗಾಳಿ ತೆಗೆದು, ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ದಂಡವನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ನೀರು ಕುದಿಯುತ್ತದೆ! ಶಾಖ ಹೆಚ್ಚಾಗಿಲ್ಲ, ಒತ್ತಡ ಇಳಿದಿದೆ ಅಷ್ಟೇ. ಯಾವ ಪಂಪಿನ ಬಾಯಲ್ಲೂ ಹೀಗೇ ಒತ್ತಡ ಇಳಿಯುತ್ತದೆ. ಸದಾ ಕುದಿಯುವ ಅಂಚಿನಲ್ಲಿರುವ ಹೈಡ್ರೋಜನ್ನಿಗೆ ಅಷ್ಟು ಸಾಕು, ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಪಂಪು ಗಾಳಿ ಎಳೆದಂತೆಯೇ.

ಆದ್ದರಿಂದ ಒಂದೇ ದೊಡ್ಡ ಪಂಪು ಸಾಲದು. ಮುಖ್ಯ ಟರ್ಬೋಪಂಪಿನ ಬಾಯಿಗೆ ಮೊದಲೇ ಒಂದಿಷ್ಟು ಒತ್ತಡ ಕಟ್ಟಿ ಕೊಡಲು ಸಣ್ಣ ಬೂಸ್ಟರ್ ಪಂಪು ಬೇಕು. ಸಿಇ-7.5ರಲ್ಲಿ ಹೈಡ್ರೋಜನ್ನಿನ ಬೂಸ್ಟರ್ ಪಂಪು ಟ್ಯಾಂಕಿನ ಒಳಗೇ ಕೂತಿದೆ. ನೀಲಿ ಟ್ಯಾಂಕಿನ ತಳದಲ್ಲಿ ಸಣ್ಣ ವೃತ್ತ ಬರೆಯಿರಿ. ಅದರಿಂದ ಪೈಪ್ ಎಳೆದು ಮುಖ್ಯ ಪಂಪಿನ ದೊಡ್ಡ ವೃತ್ತ. ಮುಖ್ಯ ಪಂಪು ನಿಮಿಷಕ್ಕೆ 40,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಪ್ಪನ ಅಂಗಡಿಯ ಮೋಟಾರು ತಿರುಗುತ್ತಿದ್ದದ್ದು 2,880.

ಮುಂದಿನ ಪ್ರಶ್ನೆ ಬೇರಿಂಗ್. ಗ್ರೀಸ್ ಹಾಕೋಣ ಅಂದರೆ ಮೈನಸ್ 253ರಲ್ಲಿ ಗ್ರೀಸ್ ಕಲ್ಲು. ಹಾಗಾಗಿ ಬೇರಿಂಗ್ ತಿರುಗುವುದು ಹೈಡ್ರೋಜನ್ನಿನಲ್ಲೇ ನೆನೆದುಕೊಂಡು. ಗುಂಡುಗಳನ್ನು ಹಿಡಿದಿಡುವ ಪಂಜರದಲ್ಲಿ ಟೆಫ್ಲಾನಿನಂಥ ವಸ್ತು ಇರುತ್ತದೆ. ಅದು ಸವೆದು ಗುಂಡಿಗೆ ತೆಳುವಾಗಿ ಮೆತ್ತಿಕೊಂಡು ಜಾರಿಕೆ ಕೊಡುತ್ತದೆ.

ಸಿಕ್ಕಿಕೊಂಡ ಎರಡು ಲೋಟ ಈಗ ತನ್ನಿ. ಒಳಗಿನ ಲೋಟಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಿನಲ್ಲಿಡಿ. ಬಿಟ್ಟುಕೊಳ್ಳುತ್ತದೆ. ಇದನ್ನೇ ತಿರುಗಿಸಿ ಯೋಚಿಸಿ. 1 ಮೀಟರ್ ಅಲ್ಯೂಮಿನಿಯಂ ದ್ರವ ಹೈಡ್ರೋಜನ್ನಿನ ತಂಪಿಗೆ ಹೋದರೆ ಸುಮಾರು 4 ಮಿ.ಮೀ. ಕುಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 3. ಪಂಪಿನ ಶಾಫ್ಟು, ಸೀಲು, ಕವಚ ಒಂದೊಂದೂ ತನ್ನ ಲೆಕ್ಕದಲ್ಲಿ ಕುಗ್ಗುತ್ತವೆ. ಬಿಸಿಲಿನಲ್ಲಿ ಕೂದಲೆಳೆಯಷ್ಟು ಸಂದು ಇಟ್ಟು ಜೋಡಿಸಿದ್ದು ತಂಪಿನಲ್ಲಿ ಆ ಸಂದನ್ನು ಉಳಿಸಿಕೊಂಡಿರಬೇಕು. ಇಷ್ಟು ಹೇಳಿದ ಮೇಲೆ 20 ವರ್ಷದ ಪ್ರಶ್ನೆ ಕೇಳಿದ ಹುಡುಗಿಯಂಥವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ.

ಕೆಂಪು ಪೆನ್ನು: ಎಲ್ಲೆಲ್ಲಿ ಸೋತೆವು

ಗುರುತು ಹಾಕುವ ಮೊದಲು ಹಿನ್ನೆಲೆ ಎರಡು ಮಾತಿನಲ್ಲಿ. 1991ರಲ್ಲಿ ಇಸ್ರೋ ಈ ಎಂಜಿನ್ ಮತ್ತು ಅದರ ವಿದ್ಯೆ ಎರಡನ್ನೂ ಕೊಳ್ಳಲು ಆಗಿನ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಆಗ ಇಸ್ರೋ ಅಧ್ಯಕ್ಷರು ನಮ್ಮ ಉಡುಪಿಯ ಅದಮಾರಿನವರಾದ ಯು.ಆರ್. ರಾವ್. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಅಂತಾಯಿತು. ಏಳು ತಯಾರಾದ ಹಂತಗಳು ಬಂದವು. ನಮ್ಮದೇ ಎಂಜಿನ್ನಿನ ಯೋಜನೆ 1994ರಲ್ಲಿ ಶುರುವಾಯಿತು. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ವರ್ಷಗಟ್ಟಲೆ ಪರೀಕ್ಷೆ ನಡೆಯಿತು. 2007ರ ನವೆಂಬರ್ 15ರಂದು ಇಡೀ ಹಂತ 720 ಸೆಕೆಂಡ್ ಉರಿಯಿತು. ನೆಲದ ಮೇಲೆ ಗೆದ್ದಾಯಿತು.

ಈಗ ಮೊದಲ ಕೆಂಪು ಗುರುತು. 2010ರ ಏಪ್ರಿಲ್ 15, ಜಿಎಸ್‌ಎಲ್‌ವಿ-ಡಿ3, ಒಳಗೆ ಜಿಸ್ಯಾಟ್-4 ಉಪಗ್ರಹ. ನಮ್ಮ ಎಂಜಿನ್ನಿನ ಮೊದಲ ಹಾರಾಟ. ಮೂರನೇ ಹಂತ ಹೊತ್ತಿಕೊಂಡಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಹೈಡ್ರೋಜನ್ ಬೂಸ್ಟರ್ ಪಂಪು 34,000 ಸುತ್ತು ದಾಟಿತ್ತು. ಸುಮಾರು ಒಂದು ಸೆಕೆಂಡ್ ಸರಿಯಾಗಿ ಓಡಿತು. ಆಮೇಲೆ ನಿಂತುಹೋಯಿತು. ಒಂದು ಸೀಲಿನ ಹತ್ತಿರ ಬಿಗಿಹಿಡಿದು ರೋಟರ್ ಸಿಕ್ಕಿಕೊಂಡಿರಬೇಕು, ಇಲ್ಲವೇ ಟರ್ಬೈನ್ ಕವಚ ಒಡೆದಿರಬೇಕು ಅನ್ನುವುದು ತೀರ್ಮಾನ. ರಾಕೆಟ್ ಸಮುದ್ರಕ್ಕೆ ಬಿತ್ತು. ಟ್ಯಾಂಕಿನ ತಳದ ಸಣ್ಣ ವೃತ್ತದ ಸುತ್ತ ಕೆಂಪು ಗೆರೆ ಎಳೆದು 2010 ಅಂತ ಬರೆಯಿರಿ.

ಆ ಪಂಪಿನ ಬೇರಿಂಗ್ ಮತ್ತು ಕವಚ ಹಿಗ್ಗುವ, ಕುಗ್ಗುವ ಲೆಕ್ಕವನ್ನು ಸರಿಮಾಡಿ ವಿನ್ಯಾಸ ತಿದ್ದಿದರು. ಹೊತ್ತಿಸುವ ಕ್ರಮವನ್ನೂ ಬದಲಿಸಿದರು. ಮೇಲಿನ ನಿರ್ವಾತದಲ್ಲಿ ಹೊತ್ತಿಕೊಳ್ಳುತ್ತದಾ ಅಂತ ನೋಡಲು ನೆಲದ ಮೇಲೇ ಅಂಥ ಪರಿಸರ ಮಾಡಿ ಪರೀಕ್ಷಿಸಿದರು. 2014ರ ಜನವರಿ 5ರ ಸಂಜೆ ಜಿಎಸ್‌ಎಲ್‌ವಿ-ಡಿ5 ಜಿಸ್ಯಾಟ್-14 ಅನ್ನು ಕಕ್ಷೆಗೆ ಸೇರಿಸಿತು. ಆ ದಿನ ಟಿವಿ ಮುಂದೆ ಕೂತಿದ್ದ ನನಗೆ ಕಣ್ಣು ತುಂಬಿ ಬಂದಿತ್ತು.

ಎರಡನೇ ಗುರುತು 2021ರ ಆಗಸ್ಟ್ 12, ಜಿಎಸ್‌ಎಲ್‌ವಿ-ಎಫ್10. ಈ ಸಲ ಪಂಪಿನಲ್ಲಿ ದೋಷ ಇರಲಿಲ್ಲ. ಹೈಡ್ರೋಜನ್ ಟ್ಯಾಂಕಿನ ತಲೆಯ ಮೇಲೆ ನಾವು ಬರೆದ ವಾಲ್ವಿನಲ್ಲಿ ಸೋರಿಕೆ. ಅದರ ಮೃದು ಸೀಲಿಗೆ ಪೆಟ್ಟಾಗಿರಬಹುದು ಅನ್ನುವುದು ತನಿಖೆಯ ಮಾತು. ಟ್ಯಾಂಕಿನಲ್ಲಿ ಒತ್ತಡ ಕಟ್ಟಲಿಲ್ಲ. ಒತ್ತಡ ಇಲ್ಲದೆ ಬೂಸ್ಟರ್ ಪಂಪು ಸರಿಯಾಗಿ ಓಡಲಿಲ್ಲ. ಎಂಜಿನ್ನಿಗೆ ಸಾಕಷ್ಟು ಹೈಡ್ರೋಜನ್ ಸಿಗಲಿಲ್ಲ. ಸಿರಿಂಜ್ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲ್ವಿನಿಂದ ಪಂಪಿನವರೆಗೆ ಕೆಂಪು ಗೆರೆ ಎಳೆದು 2021 ಬರೆಯಿರಿ.

ಮೂರನೆಯದು ಜಪಾನಿನದು. 1999ರ ನವೆಂಬರ್ 15ರಂದು ಅವರ ಎಚ್-2 ರಾಕೆಟ್ಟಿನ ಎಲ್‌ಇ-7 ಎಂಜಿನ್ ನಡುದಾರಿಯಲ್ಲಿ ನಿಂತಿತು. ಅವರು ಮಾಡಿದ ಕೆಲಸ ಕೇಳಿ. ಪೆಸಿಫಿಕ್ ಸಮುದ್ರದಲ್ಲಿ ಸುಮಾರು 3,000 ಮೀಟರ್ ಆಳದಿಂದ ಎಂಜಿನ್ನನ್ನು ಹುಡುಕಿ ಮೇಲೆತ್ತಿದರು. ಹೈಡ್ರೋಜನ್ ಪಂಪಿನ ಬಾಯಲ್ಲಿರುವ ಇಂಡ್ಯೂಸರ್ ಎಂಬ ತಿರುಪಿನಂಥ ಚಕ್ರದ ರೆಕ್ಕೆ ಮುರಿದಿತ್ತು. ಗುಳ್ಳೆಗಳ ಹೊಡೆತದ ನಡುಕಕ್ಕೆ ಲೋಹ ದಣಿದಿತ್ತು. ಮತ್ತೆ ಪಂಪಿನ ಬಾಯಿ. ಅಲ್ಲೂ ಕೆಂಪು ಗೆರೆ ಎಳೆದು 1999 ಬರೆಯಿರಿ. ಈಗ ಹಾಳೆ ನೋಡಿ. ಮೂರೂ ಕೆಂಪು ಗುರುತು ಮೇಲ್ಭಾಗದಲ್ಲೇ ಇವೆ. ನಾಝಲ್ ಇನ್ನೂ ಬರೆದೇ ಇಲ್ಲ.

ಟರ್ಬೈನಿನ ಹೊಗೆ ಎಲ್ಲಿಗೆ ಹೋಗುತ್ತದೆ?

ಪಂಪು ತಿರುಗಿಸಲು ಟರ್ಬೈನ್ ಬೇಕು. ಟರ್ಬೈನಿಗೆ ಬಿಸಿ ಅನಿಲ ಬೇಕು. ಅದಕ್ಕೆ ಒಂದು ಪುಟ್ಟ ಒಲೆ. ಹೈಡ್ರೋಜನ್ ಜಾಸ್ತಿ, ಆಕ್ಸಿಜನ್ ಕಡಿಮೆ ಹಾಕಿ ಅರೆಬರೆ ಉರಿಸುವುದು. ಇಲ್ಲಿ ಎರಡು ದಾರಿ ಇದೆ. ಸಿಇ-7.5ರಲ್ಲಿ ಟರ್ಬೈನ್ ದಾಟಿದ ಅನಿಲವನ್ನು ಮತ್ತೆ ಮುಖ್ಯ ಉರಿಕೋಣೆಗೇ ತರುತ್ತಾರೆ, ಒಂದು ಹನಿ ವ್ಯರ್ಥವಿಲ್ಲ. ಆದರೆ ಎಲ್ಲ ಭಾಗವೂ ಒಂದಕ್ಕೊಂದು ಕಟ್ಟಿಬಿದ್ದಿರುತ್ತದೆ, ಶುರು ಮಾಡುವುದು ನಾಜೂಕಿನ ಕೆಲಸ. ದೊಡ್ಡಣ್ಣನಾದ ಸಿಇ-20ರಲ್ಲಿ ಆ ಅನಿಲವನ್ನು ಪಕ್ಕದ ಪೈಪಿನಿಂದ ಹೊರಗೆ ಬಿಟ್ಟುಬಿಡುತ್ತಾರೆ. ಅದರ ಮೈಲೇಜ್ 454ರಿಂದ 443ಕ್ಕೆ ಇಳಿಯುತ್ತದೆ. ಬದಲಿಗೆ ಪಂಪನ್ನು ಬೇರೆ, ಉರಿಕೋಣೆಯನ್ನು ಬೇರೆ ಇಟ್ಟು ಪರೀಕ್ಷಿಸಬಹುದು. ಇದು ಒಳ್ಳೆಯ ವ್ಯಾಪಾರ ಅಂತ ನನ್ನ ಅಭಿಪ್ರಾಯ. 2017ರ ಜೂನ್ 5ರಂದು ಮೊದಲ ಹಾರಾಟದಲ್ಲೇ ಸಿಇ-20 ಗೆದ್ದಿತು. ಚಂದ್ರಯಾನ-2, ಚಂದ್ರಯಾನ-3 ಎರಡನ್ನೂ ಭೂಮಿಯಿಂದ ಮೇಲೆ ಹೊತ್ತ ರಾಕೆಟ್ಟಿನ ತುದಿಯಲ್ಲಿದ್ದದ್ದು ಇದೇ. ಎರಡು ದಾರಿಯಲ್ಲಿ ನಿಮಗೆ ಬೇಕಾದ್ದನ್ನು ಬರೆಯಿರಿ, ಆದರೆ ಪೈಪಿನ ತುದಿ ಎಲ್ಲಿ ಮುಗಿಯುತ್ತದೆ ಅನ್ನುವುದು ಸ್ಪಷ್ಟವಾಗಿರಲಿ.

ಕಾವಲಿ

ಕಾದ ಕಾವಲಿಗೆ ನೀರು ಚಿಮುಕಿಸಿ. ಹನಿ ಅಂಟದೆ ಮುತ್ತಿನ ಹಾಗೆ ಕುಣಿಯುತ್ತದೆ. ಅಡಿಯಲ್ಲಿ ಆವಿಯ ಪದರ. ನಮ್ಮ ಕೋಣೆಯ 30 ಡಿಗ್ರಿಯ ಪೈಪು ಹೈಡ್ರೋಜನ್ನಿಗೆ 283 ಡಿಗ್ರಿ ಹೆಚ್ಚು ಬಿಸಿ. ಹೊತ್ತಿಸುವ ಮುಂಚೆ ಪೈಪು, ಪಂಪು ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ತಂಪು ದ್ರವ ಬಿಟ್ಟು, ಆವಿಯಾಗಿ ಹೋಗಲು ಬಿಟ್ಟು, ಅವನ್ನು ತಣಿಸಬೇಕು. ಇದಕ್ಕೆ ಚಿಲ್‌ಡೌನ್ ಅನ್ನುತ್ತಾರೆ. ಪೈಪಿನ ಪಕ್ಕ ಸಣ್ಣ ಚುಕ್ಕಿಗಳನ್ನು ಇಟ್ಟು ತೋರಿಸಿ.

ಕೊನೆಗೆ ಬೆಂಕಿ

ಈಗ ಉರಿಕೋಣೆ ಮತ್ತು ನಾಝಲ್ ಬರೆಯಬಹುದು. ಒಳಗೆ 3,000 ಡಿಗ್ರಿ, ಗೋಡೆ ತಾಮ್ರದ ಮಿಶ್ರಲೋಹ. ಗೋಡೆಯಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ ಹೈಡ್ರೋಜನ್ ಹರಿದು ಗೋಡೆಯನ್ನು ಕಾಯುತ್ತದೆ, ತಾನು ಬೆಚ್ಚಗಾಗಿ ಉರಿಯಲು ಹೋಗುತ್ತದೆ. ತೆಂಗಿನ ತೋಟದ ಕಾಲುವೆ ಹಾಗೆ ಸಾಲಾಗಿ ಗೆರೆ ಹಾಕಿ. ಇಂಥ ಎಂಜಿನ್ನುಗಳನ್ನು ಒಂದೇ ಕಡೆ ತಯಾರಿಸಲು ಬೆಂಗಳೂರಿನ ಎಚ್‌ಎಎಲ್‌ನಲ್ಲಿ 2022ರ ಸೆಪ್ಟೆಂಬರ್ 27ರಂದು ಒಂದು ಘಟಕ ಉದ್ಘಾಟನೆಯಾಯಿತು. ನಮ್ಮ ಐಟಿಐ, ಡಿಪ್ಲೊಮಾ ಹುಡುಗರಿಗೆ ಇದನ್ನು ತಪ್ಪದೆ ಹೇಳುತ್ತೇನೆ. ಈ ಕಾಲುವೆಗಳನ್ನು ಕೊರೆಯುವುದು, ಬೆಸೆಯುವುದು ಕೈಕೆಲಸ ಬಲ್ಲವರ ವಿದ್ಯೆ.

ಹಾಳೆ ಹಿಡಿದು ಉಡಾವಣೆ ನೋಡಿ

ಮುಂದಿನ ಜಿಎಸ್‌ಎಲ್‌ವಿ ಹಾರುವ ದಿನ ಇಸ್ರೋ ನೇರ ಪ್ರಸಾರ ಹಾಕಿ, ಹಾಳೆಯನ್ನು ಗೋಡೆಗೆ ಅಂಟಿಸಿ. ಕೌಂಟ್‌ಡೌನ್ ತಡೆದರೆ ಬೇಸರ ಬೇಡ. 2019ರ ಜುಲೈ 15ರಂದು ಚಂದ್ರಯಾನ-2 ಹಾರಲು 56 ನಿಮಿಷ 24 ಸೆಕೆಂಡ್ ಇರುವಾಗ ತಡೆದರು, ಸರಿಪಡಿಸಿ ಒಂದೇ ವಾರಕ್ಕೆ ಹಾರಿಸಿದರು. ಮೊದಲ ನಾಲ್ಕೂವರೆ ನಿಮಿಷದ ಬೆಂಕಿ, ಸದ್ದು ಎಲ್ಲ ಕೆಳಗಿನ ಹಂತಗಳದ್ದು. ಐದನೇ ನಿಮಿಷ ಹತ್ತಿರ ಬರುವಾಗ ಎಲ್ಲರೂ ಸುಮ್ಮನಾಗಿ, ಸಣ್ಣ ನೀಲಿ ವೃತ್ತದ ಮೇಲೆ ಬೆರಳಿಡಿ. ಕ್ರಯೋ ಹೊತ್ತಿತು ಅನ್ನುವ ಘೋಷಣೆ ಕೇಳಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ. ತೆರೆಯ ಮೇಲೆ ಎರಡು ಗೆರೆ ಇರುತ್ತವೆ, ಒಂದು ಹೋಗಬೇಕಾದ ದಾರಿ, ಒಂದು ಹೋಗುತ್ತಿರುವ ದಾರಿ. ಎರಡೂ ಅಂಟಿಕೊಂಡೇ ಸಾಗುತ್ತಿದ್ದರೆ ಒಳಗೆ ಪಂಪು ತಿರುಗುತ್ತಿದೆ.

ಎಂಜಿನ್ ಆರಿತು ಅಂದಾಗ ವಾಚ್ ನಿಲ್ಲಿಸಿ, ಸೆಕೆಂಡನ್ನು ಎರಡರಿಂದ ಗುಣಿಸಿ. ಅದು ಖಾಲಿಯಾದ ಕ್ಯಾನುಗಳ ಲೆಕ್ಕ. 720 ಸೆಕೆಂಡ್ ಆದರೆ 1,440 ಕ್ಯಾನ್. ಅದನ್ನು ನೀಲಿ ಟ್ಯಾಂಕಿನ ಒಳಗೆ ಬರೆಯಿರಿ. ಭೂಸ್ಥಿರ ಉಪಗ್ರಹವಾದರೆ, ಬೇರ್ಪಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು. ಹಾಳೆಯ ತುತ್ತತುದಿಯಲ್ಲಿ ಒಂದು ಪುಟ್ಟ ಡಿಶ್ ಆಂಟೆನಾ ಬರೆಯಲು ಜಾಗ ಉಳಿಸಿಕೊಂಡಿರಿ.